ಧಾರವಾಡ ‘ದಾರವಾಡ’ ಆದ ಕಥೆ

ಕನ್ನಡದ ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ತಡಮಾಡದೆ ಹೇಳುತ್ತೇನೆ: ಮೂರು ಟೋಪಿ, ಎರಡು ರಾತ್ರಿಯ ನಿದ್ದೆ ಮತ್ತು ಅವ್ವನ ಎದುರು ತಲೆ ತಗ್ಗಿಸಿ ನಿಂತ ಒಂದು ಸಂಜೆ. ಒಂದನೇ ಕ್ಲಾಸಿನಲ್ಲಿ ನಮ್ಮ ಅಕ್ಕೋರು ‘ಹೊಟ್ಟಿ ಸೀಳ್ರಿ, ಹೊಟ್ಟಿ ಸೀಳ್ರಿ’ ಅಂತ ಬೆತ್ತ ಹಿಡಿದು ಕಲಿಸಿದ್ದ ಆ ‘ಧ’ ಅಕ್ಷರ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಮತ್ತೆ ನನ್ನ ಪರೀಕ್ಷೆ ತೆಗೆದುಕೊಳ್ಳುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಪರೀಕ್ಷೆ ಅಂದರೆ ನನಗೆ ಹೊಸದಲ್ಲ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ನಾನು ಮಾಡಿದ್ದು ಅದೊಂದೇ. ನಮ್ಮ ಧಾರವಾಡದಲ್ಲಿ ಓಣಿಗೊಂದು ಕೋಚಿಂಗ್ ಸೆಂಟರ್. ಬೆಳಿಗ್ಗೆ ಲೈಬ್ರರಿ, ಮಧ್ಯಾಹ್ನ ಕ್ಲಾಸು, ರಾತ್ರಿ ಹಳೆಯ ಪ್ರಶ್ನೆಪತ್ರಿಕೆ. ಮೊದಲ ಸಲ ನಾಲ್ಕು ಅಂಕದಿಂದ ಹೋಯಿತು. ಎರಡನೇ ಸಲ ಎಷ್ಟರಿಂದ ಹೋಯಿತು ಅಂತ ಮನೆಯಲ್ಲಿ ಹೇಳಲೇ ಇಲ್ಲ. ಅವ್ವ ಕೇಳಲೂ ಇಲ್ಲ. ಒಂದು ದಿನ ಸಂಜೆ ಅವಳ ಕೈ ನೋಡಿದೆ, ಎರಡು ಪಾಟ್ಲಿ ಇರಲಿಲ್ಲ. ಅದಕ್ಕೆ ಮಹಿಳಾ ಸಂಘದ ಸಾಲವನ್ನೂ ಸೇರಿಸಿ ಅವಳು ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ತರಿಸಿದ್ದಳು. ಇಪ್ಪತ್ತು ವರ್ಷದಿಂದ ಜಂಪರ್ ಹೊಲಿಯುತ್ತಿದ್ದ ಅವಳ ಅಂಗಡಿಯ ಮೂಲೆಯಲ್ಲಿ, ಗೋಡೆಗೆ ಆನಿಸಿ ಅದನ್ನು ಇಟ್ಟರು.

‘ನನಗ ಕಂಪ್ಯೂಟರ್ ಬರಂಗಿಲ್ಲ. ನಿನಗ ಬರತೈತಿ’ ಅಂದಳು. ಅಷ್ಟೇ ಮಾತು.

‘ಓದಿದಾಕಿ ಕಡೀಕೂ ಹೊಲಿಗಿಗೆ ಬಂದ್ಲು’ ಅಂತ ನೆಂಟರು ಆಡಿಕೊಂಡದ್ದು ಕಿವಿಗೆ ಬೀಳದೆ ಇರಲಿಲ್ಲ. ಹಾಗಾಗಿ ಈ ಮಷಿನ್ ನಡೆಯುವುದು ಬರೀ ಕಂತಿನ ಪ್ರಶ್ನೆ ಆಗಿರಲಿಲ್ಲ.

ನಲವತ್ತು ಟೋಪಿ ಬಂದವು

ಮೊದಲ ಕೆಲವು ತಿಂಗಳು ಜಂಪರಿನ ತೋಳು, ಸೀರೆಯ ಸೆರಗು, ಗೂಡಂಗಡಿ ಅಣ್ಣನ ಅಂಗಿಯ ಕಿಸೆ ಮೇಲೆ ಹೆಸರು – ಇಷ್ಟರಲ್ಲೇ ಕೈ ಕುದುರಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಒಬ್ಬ ಕಾಲೇಜು ಹುಡುಗ ದೊಡ್ಡ ಚೀಲ ಹೊತ್ತು ಬಂದ. ಅವರ ಗುಂಪು ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೊರಟಿತ್ತು. ಸುಮಾರು ಹನ್ನೆರಡೂವರೆ ಸಾವಿರ ಅಡಿ ಎತ್ತರ, ಕಾಲಿನ ಕೆಳಗೆ ಹಿಮ. ಚೀಲದಲ್ಲಿ ನಲವತ್ತು ಕಪ್ಪು ಉಲ್ಲನ್ ಟೋಪಿ. ಉಲ್ಲನ್ ಅನ್ನುವುದು ನಾವು ಕರೆಯುವ ಹೆಸರು ಅಷ್ಟೇ, ನೂಲು ಅಕ್ರಿಲಿಕ್. ಲೂಧಿಯಾನ ಕಡೆಯ ಮಾಲು. ಬಾಯಿಯ ಹತ್ತಿರ ಮೇಲಕ್ಕೆ ಮಡಚುವ ಪಟ್ಟಿ.

‘ಅಕ್ಕಾರ, ಈ ಪಟ್ಟಿ ಮ್ಯಾಲೆ ಬಿಳಿ ದಾರದಾಗ ಧಾರವಾಡ ಅಂತ ಬರಬೇಕ್ರಿ. ಅದರ ಕೆಳಗ ಸಣ್ಣಂಗ ಚಾರಣ ತಂಡ ಅಂತ. ಇಂಗ್ಲಿಷ್ ಬ್ಯಾಡ್ರಿ, ಕನ್ನಡದಾಗ.’

ಒಂದಕ್ಕೆ ಅರವತ್ತು ರೂಪಾಯಿ, ನಲವತ್ತಕ್ಕೆ 2400. ಆವತ್ತಿನವರೆಗೆ ನಮ್ಮ ಮಷಿನ್ನಿಗೆ ಬಂದ ದೊಡ್ಡ ಆರ್ಡರ್. ಐದು ದಿನ ಗಡುವು. ಹಿಂದೆ ಮುಂದೆ ನೋಡದೆ ‘ಆಗ್ತೈತಿ’ ಅಂದುಬಿಟ್ಟೆ. ಜಂಪರ್ ಮೇಲೆ ಬರುವ ಅಕ್ಷರ ಟೋಪಿ ಮೇಲೆ ಯಾಕೆ ಬರುವುದಿಲ್ಲ?

ನಮ್ಮ ಸಾಫ್ಟ್‌ವೇರಿನಲ್ಲಿ ಇಂಗ್ಲಿಷ್ ಅಕ್ಷರಗಳೇನೋ ರಾಶಿ ರಾಶಿ ಸಿದ್ಧ ಇವೆ. ಕನ್ನಡಕ್ಕೆ ಮಾತ್ರ ಅಕ್ಷರದ ಚಿತ್ರ ಹಿಂದೆ ಇಟ್ಟುಕೊಂಡು ಒಂದೊಂದು ಸುತ್ತನ್ನೂ ಕೈಯಾರೆ ಗೆರೆ ಹಾಕಿ, ಟಾಕಿ ಯಾವ ದಿಕ್ಕಿನಲ್ಲಿ ಬೀಳಬೇಕು ಅಂತ ಹೇಳಬೇಕು. ಇದಕ್ಕೆ ನಮ್ಮ ಧಂದೆಯಲ್ಲಿ ಪಂಚಿಂಗ್ ಅನ್ನುತ್ತಾರೆ. ಹಿಂದೆ ಡಿಸೈನನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಮಷಿನ್ನಿಗೆ ಕೊಡುತ್ತಿದ್ದರು. ತೂತು ಹೋಗಿ ಪೆನ್‌ಡ್ರೈವ್ ಬಂದರೂ ಹೆಸರು ಮಾತ್ರ ಉಳಿದಿದೆ. ಒಂದು ಮಧ್ಯಾಹ್ನ ಕೂತು ‘ಧಾರವಾಡ’ ಪಂಚ್ ಮಾಡಿದೆ. ಪರದೆಯ ಮೇಲೆ ನೋಡಲು ಭಲೇ ಚೆಂದ ಇತ್ತು.

ಮೂರು ಟೋಪಿ, ಮೂರು ಪಾಠ

ಮೊದಲ ಟೋಪಿಯನ್ನು ಫ್ರೇಮಿಗೆ ಜಂಪರ್ ಬಟ್ಟೆಯ ಹಾಗೆಯೇ ಡೋಲಿನ ಚರ್ಮದಂತೆ ಎಳೆದು ಬಿಗಿದೆ. ನಿಮಿಷಕ್ಕೆ 850 ಟಾಕಿಯ ವೇಗ. ಟಕಟಕ ಅಂತ ಹೊಲಿದು ಮುಗಿಸಿತು. ತೆಗೆಯಲು ಹೋದರೆ ಬರುತ್ತಿಲ್ಲ! ಟೋಪಿಯ ಹಿಂದಿನ ಮಗ್ಗುಲೂ ಸೂಜಿಯ ಕೆಳಗೆ ಸಿಕ್ಕಿ, ಎರಡೂ ಸೇರಿ ಹೊಲಿದುಹೋಗಿತ್ತು. ತಲೆ ಹೋಗಬೇಕಾದ ಬಾಯಿಯೇ ಬಂದ್. ದಾರ ಬಿಚ್ಚಲು ಕತ್ತರಿ ಹಾಕಿದೆ. ಅಕ್ಷರದ ದಾರದ ಜೊತೆ ಟೋಪಿಯ ನೂಲೂ ತುಂಡಾಯಿತು. ಅಲ್ಲಿಂದ ಸರ್ರನೆ ಏಣಿಯ ಮೆಟ್ಟಿಲಿನಂತೆ ಕುಣಿಕೆಗಳು ಜಾರಿದವು.

ಎರಡನೆಯದಕ್ಕೆ ಹಿಂದಿನ ಮಗ್ಗುಲನ್ನು ಮಷಿನ್ ತೋಳಿನ ಕೆಳಗೆ ಸರಿಸಿ, ಹುಷಾರಾಗಿ ಹೊಲಿದೆ. ಸರಿಯಾಗಿ ಬಂತು ಅಂತ ಖುಷಿಯಿಂದ ಪಟ್ಟಿ ಮಡಚಿದೆ. ಅಕ್ಷರವೆಲ್ಲ ಒಳಗೆ ಹೋಗಿ, ಹೊರಗೆ ಕಂಡದ್ದು ದಾರದ ಗಂಟು. ಮಡಚಿದಾಗ ಒಳಮೈ ಹೊರಗೆ ಬರುತ್ತದೆ, ಮೇಲಿನದು ಕೆಳಗಾಗುತ್ತದೆ ಅನ್ನುವ ಸಾದಾ ಲೆಕ್ಕ ನನಗೆ ಹೊಳೆದಿರಲಿಲ್ಲ. ಮೆಂಟಲ್ ಎಬಿಲಿಟಿ ಪೇಪರಿನಲ್ಲಿ ಕಾಗದ ಮಡಚುವ ಪ್ರಶ್ನೆಗೆ ಉತ್ತರ ಬರೆದವಳು ನಾನು!

ಮೂರನೆಯದಕ್ಕೆ ಟೋಪಿಯ ಒಳಮೈ ಹೊರಮಾಡಿ, ಅಕ್ಷರದ ತಲೆ ಟೋಪಿಯ ಬಾಯಿಯ ಕಡೆ ಬರುವಂತೆ ತಿರುಗಿಸಿ ಹೊಲಿದೆ. ದಿಕ್ಕು ಸರಿಯಾಯಿತು. ಆದರೆ ಫ್ರೇಮ್ ಬಿಚ್ಚಿದ ತಕ್ಷಣ ಎಳೆದು ಹಿಡಿದಿದ್ದ ನೇಯ್ಗೆ ತನ್ನ ಮೊದಲಿನ ಅಳತೆಗೆ ಓಡಿತು. ಹೊಲಿದ ದಾರ ಓಡಲಿಲ್ಲ. ಅಕ್ಷರಗಳ ಸುತ್ತ ಹಪ್ಪಳದಂತೆ ಅಲೆ ಎದ್ದಿತು. ಕೆಳಗಿನ ‘ಚಾರಣ ತಂಡ’ ಯಾರೂ ಓದಲಾಗದ ಬಿಳಿ ಚುಕ್ಕಿ. ಮೇಲಿನ ಸಾಲಿನಲ್ಲಿ ‘ಧ’ದ ಹೊಟ್ಟೆ ಸೀಳುವ ಸಣ್ಣ ಗೀಟು ಎರಡು ಗೆರೆಗಳ ನಡುವಿನ ಹಳ್ಳಕ್ಕೆ ಬಿದ್ದು ಮಾಯವಾಗಿತ್ತು.

ಅವ್ವ ಟೋಪಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು: ‘ದಾ…ರ…ವಾ…ಡ.’

ನಾನು ಅಳುವ ಹಾಗಿದ್ದೆ. ಅವಳಿಗೆ ನಗು ತಡೆಯಲಾಗಲಿಲ್ಲ. ‘ದಾರ ಹೊಲಿಯೋರ ಊರಿಗೆ ಚಲೋ ಹೆಸರು ಇಟ್ಟಿ ಬಿಡ!’ ಅಂದಳು. ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದಳು, ‘ಮೂರು ಟೋಪಿ ಹುಡುಗರದು. ಅವಕ್ಕ ಏನ್ ಮಾಡ್ತಿ?’

ಅಜ್ಜಿ ಹೇಳಿದ್ದು

ಆ ರಾತ್ರಿ ಅಜ್ಜಿಯ ಹಾಸಿಗೆ ಪಕ್ಕದಲ್ಲಿ ಕೂತು ಮೂರನೇ ಟೋಪಿಯನ್ನು ತಿರುವಿ ತಿರುವಿ ನೋಡುತ್ತಿದ್ದೆ. ಅಜ್ಜಿ ಒಂದು ಕಾಲದಲ್ಲಿ ಕಸೂತಿ ಹಾಕಿದಾಕಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ – ನಾಲ್ಕೂ ಟಾಕಿ ಅವಳ ಬೆರಳಿಗೆ ಗೊತ್ತು. ಕಸೂತಿಯಲ್ಲಿ ಮೊದಲೇ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಏಳಬೇಕು. ಈಗ ಕಣ್ಣು ಮಂಜಾಗಿದೆ. ಟೋಪಿಯನ್ನು ಬೆರಳಲ್ಲಿ ಎಳೆದು, ಬಿಟ್ಟು, ಮತ್ತೆ ಎಳೆದಳು.

‘ಇಳಕಲ್ ಸೀರಿ ಬಟ್ಟಿ ನಿಂತಿರತೈತಿ. ಎಳಿ ಅಡ್ಡ ಒಂದು, ಉದ್ದ ಒಂದು. ಇದು ಒಂದ ಎಳಿ ಸುತ್ತಿ ಸುತ್ತಿ ಮಾಡಿದ್ದು. ಬಟ್ಟೀನ ಓಡಾಕತ್ತೈತಿ, ಅದರ ಮ್ಯಾಲೆ ಅಕ್ಷರ ಹ್ಯಾಂಗ ನಿಂತೀತು?’

ನನಗೆ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಮಗ್ಗದ ಬಟ್ಟೆಯಲ್ಲಿ ಹಾಸು–ಹೊಕ್ಕು ಒಂದನ್ನೊಂದು ಹಿಡಿದಿರುತ್ತವೆ. ಹೆಣೆದ ಬಟ್ಟೆಯಲ್ಲಿ ಕುಣಿಕೆಯೊಳಗೆ ಕುಣಿಕೆ. ಎಳೆದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಕುಗ್ಗುತ್ತದೆ. ಎಲ್ಲ ತಲೆಗೂ ಒಂದೇ ಟೋಪಿ ಹಿಡಿಸುವುದು ಆ ಗುಣದಿಂದಲೇ. ಎಂಬ್ರಾಯ್ಡರಿ ದಾರಕ್ಕೆ ಆ ಗುಣ ಇಲ್ಲ.

‘ಅಜ್ಜಿ, ರೇಷ್ಮಿ ಮ್ಯಾಲೆ ಎಳಿ ಕಾಣಂಗಿಲ್ಲಲ್ಲ, ಅಲ್ಲೆ ನೀ ಹ್ಯಾಂಗ ಹಾಕ್ತಿದ್ದಿ?’

‘ಮ್ಯಾಲೆ ಒಂದು ಜಾಳ ಬಟ್ಟಿ ಇಟ್ಟು, ಅದರ ಎಳಿ ಎಣಿಸಿ ಹಾಕೋದು. ಎಲ್ಲಾ ಮುಗದ ಮ್ಯಾಲೆ ಜಾಳ ಬಟ್ಟಿ ಎಳಿ ಒಂದೊಂದ ಹಿರದ ಬಿಡೋದು. ಕಸೂತಿ ಉಳೀತೈತಿ, ಅದು ಹೋಗತೈತಿ.’

ಮೇಲೆ ಇಟ್ಟು, ಕೆಲಸ ಮುಗಿದ ಮೇಲೆ ತೆಗೆಯುವುದು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಎದ್ದು ಹೋಗಿ ಕಪಾಟಿನಿಂದ ನನ್ನ ಹೈಸ್ಕೂಲಿನ ಸ್ವೆಟರ್ ತೆಗೆದೆ. ಅದೂ ಹೆಣೆದ ಬಟ್ಟೆಯೇ, ಎದೆಯ ಮೇಲೆ ಶಾಲೆಯ ಹೆಸರು ಇಷ್ಟು ವರ್ಷವಾದರೂ ಅಲುಗದೆ ನಿಂತಿತ್ತು. ಒಳಗಡೆ ತಿರುಗಿಸಿದರೆ, ಅಕ್ಷರದ ಹಿಂದೆ ಒಂದು ಬಿಳಿ ಗಟ್ಟಿ ತುಂಡು! ಅಂಗಿ ಒಳಗೆ ಚುಚ್ಚುತ್ತದೆ ಅಂತ ನಾನು ಆಗ ಬೈದುಕೊಳ್ಳುತ್ತಿದ್ದ ಅದೇ ತುಂಡು.

ಹಿಡಿಯುವುದೊಂದು, ತೇಲಿಸುವುದೊಂದು

ಮರುದಿನ ಹುಬ್ಬಳ್ಳಿಗೆ ಬಸ್ಸು ಹತ್ತಿದೆ. ಎಂಬ್ರಾಯ್ಡರಿ ಸಾಮಾನಿನ ಅಂಗಡಿಯಲ್ಲಿ ಮೂರು ವಸ್ತು ಕೊಂಡೆ. ಒಂದು, ಅಕ್ಷರದ ಹಿಂದೆ ಕಾಯಂ ಉಳಿಯುವ ನಾನ್‌ವೋವನ್ ಹಾಳೆ. ಹರಿದರೆ ಹರಿಯುವಂಥದ್ದಲ್ಲ, ಕತ್ತರಿಸಿ ತೆಗೆಯಬೇಕಾದದ್ದು. ನಾನು ಅಲ್ಲಿಯವರೆಗೆ ಹರಿದು ತೆಗೆಯುವ ತೆಳು ಪೇಪರ್ ಬಳಸುತ್ತಿದ್ದೆ. ಜಂಪರ್ ಬಟ್ಟೆಗೆ ಅದು ಸಾಕು, ಟೋಪಿಗೆ ಸಾಲದು. ಹರಿದ ಮೇಲೆ ಅಕ್ಷರವನ್ನು ಹಿಡಿಯುವವರು ಯಾರು? ಎರಡು, ನೀರಿಗೆ ಕರಗುವ ಪಾರದರ್ಶಕ ಹಾಳೆ. ಇದು ಅಜ್ಜಿಯ ಜಾಳ ಬಟ್ಟೆಯ ತಮ್ಮ. ಟೋಪಿಯ ಮೇಲೆ ಹಾಸಿ ಹೊಲಿದರೆ ದಾರ ನೂಲಿನ ಹಳ್ಳಕ್ಕೆ ಬೀಳದೆ ಮೇಲೆಯೇ ತೇಲುತ್ತದೆ. ಮೂರು, ಬಾಲ್ ಪಾಯಿಂಟ್ ಸೂಜಿ, 75/11 ನಂಬರ್. ಇದರ ತುದಿ ಸ್ವಲ್ಪ ಉರುಟು. ಚೂಪು ಸೂಜಿ ನೂಲನ್ನೇ ಸೀಳಬಹುದು, ಇದು ನೂಲನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ.

ಹಾಳಾದ ಮೂರು ಟೋಪಿಗಳೇ ನನ್ನ ರಫ್ ಪುಸ್ತಕ ಆದವು. ಅವುಗಳ ಉಳಿದ ಜಾಗದಲ್ಲೆಲ್ಲ ಹೊಲಿದು ನೋಡಿದೆ.

ಮೊದಲ ಬದಲಾವಣೆ ಫ್ರೇಮಿನದು. ಟೋಪಿಯನ್ನು ಬಿಗಿಯುವುದನ್ನೇ ಬಿಟ್ಟೆ. ಫ್ರೇಮಿಗೆ ಹಿಂದಿನ ಹಾಳೆಯನ್ನು ಮಾತ್ರ ಬಿಗಿದು, ಅದರ ಮೇಲೆ ಅಂಟಿನ ಸ್ಪ್ರೇ ಹೊಡೆದು, ಟೋಪಿಯ ಪಟ್ಟಿಯನ್ನು ಎಳೆಯದೆ, ಮಲಗಿದ ಮಗುವಿನ ಮೇಲೆ ದುಪ್ಪಟಿ ಹೊದಿಸಿದಂತೆ ಮೆಲ್ಲಗೆ ಇಟ್ಟೆ. ಮೇಲೆ ಕರಗುವ ಹಾಳೆ. ಸುತ್ತಲೂ ಉದ್ದ ಟಾಕಿಯಲ್ಲಿ ಒಂದು ಚೌಕ ಹೊಲಿಸಿ ಮೂರನ್ನೂ ಜೋಡಿಸಿದೆ. ಕೊನೆಗೆ ಆ ಚೌಕ ಬಿಚ್ಚಿದರಾಯಿತು.

ಎರಡನೆಯದು ಪಂಚಿಂಗಿನದು. ಅಕ್ಷರ ತುಂಬುವ ದಾರ ಬಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹಾಗಾಗಿ ಗೆರೆ ಪರದೆಯ ಮೇಲೆ ಇದ್ದುದಕ್ಕಿಂತ ಸಣ್ಣದಾಗುತ್ತದೆ. ಆ ಎಳೆತವನ್ನು ಮೊದಲೇ ಎಣಿಸಿ ಪ್ರತಿ ಗೆರೆಯನ್ನೂ 0.4 ಮಿಲಿಮೀಟರ್ ದಪ್ಪ ಮಾಡಿದೆ. ದಪ್ಪ ಮಾಡಿದಾಗ ‘ಡ’, ‘ವ’ಗಳ ಒಳಗಿನ ಖಾಲಿ ಜಾಗ ಮುಚ್ಚಿಕೊಳ್ಳುತ್ತದೆ, ಅದಕ್ಕಾಗಿ ಆ ಹೊಟ್ಟೆಗಳನ್ನು ಇನ್ನಷ್ಟು ಅಗಲ ತೆರೆದೆ. ‘ಧ’ದ ಗೀಟನ್ನು ಇರಬೇಕಾದದ್ದಕ್ಕಿಂತ ಉದ್ದ ಮಾಡಿ, ಕೊಂಚ ದಪ್ಪಗೆ ಕೆಳಕ್ಕೆ ಎಳೆದೆ. ಪರದೆಯ ಮೇಲೆ ಅಕ್ಷರ ಈಗ ಸೊಟ್ಟಗೆ ಕಾಣುತ್ತಿತ್ತು. ಚಿಂತೆ ಮಾಡಲಿಲ್ಲ. ಪರದೆಯ ಮೇಲೆ ಚೆಂದ ಕಂಡದ್ದು ಟೋಪಿಯ ಮೇಲೆ ಏನಾಯಿತು ಅಂತ ನೋಡಿದ್ದೆನಲ್ಲ.

ಮೂರನೆಯದು ಅಡಿಪಾಯ. ಮನೆ ಕಟ್ಟುವಾಗ ಪಾಯ ಹಾಕುವಂತೆ ಮೇಲಿನ ಹೊಳೆಯುವ ಟಾಕಿಗೆ ಮುಂಚೆ ಅಕ್ಷರದ ಅಂಚಿನ ಒಳಗೆ ಒಂದು ಸುತ್ತು, ಅದರ ಮೇಲೆ ಅಡ್ಡಾದಿಡ್ಡಿ ಹಾವು ಹರಿದಂತೆ ಇನ್ನೊಂದು ಸುತ್ತು ಹೊಲಿಸಿದೆ. ಇದು ಅಂಡರ್‌ಲೇ. ಇದು ಟೋಪಿಯನ್ನು ಹಿಂದಿನ ಹಾಳೆಗೆ ಹಿಡಿದು ನಿಲ್ಲಿಸುತ್ತದೆ. ಮೇಲಿನ ಟಾಕಿಯ ಒತ್ತು 0.4 ಮಿಲಿಮೀಟರಿಗೆ ಇಟ್ಟೆ. ಇನ್ನೂ ಒತ್ತಾದರೆ ಅಕ್ಷರ ರಟ್ಟಿನಂತೆ ಬಿರುಸಾಗುತ್ತದೆ, ವಿರಳವಾದರೆ ಕಪ್ಪು ನೂಲು ಇಣುಕುತ್ತದೆ. ಹೊಲಿಯುವ ಕ್ರಮವನ್ನೂ ಬದಲಿಸಿದೆ. ಎಡದಿಂದ ಬಲಕ್ಕೆ ಹೋದರೆ ಸಡಿಲ ನೇಯ್ಗೆ ಅಲೆಯಂತೆ ಮುಂದೆ ಮುಂದೆ ತಳ್ಳಿಕೊಂಡು ಕೊನೆಯ ‘ಡ’ ಸೊಟ್ಟಗಾಗುತ್ತಿತ್ತು. ಅದಕ್ಕೆ ನಡುವಿನ ‘ರ’, ‘ವಾ’ ಮೊದಲು, ಆಮೇಲೆ ಆಚೀಚೆಯ ‘ಧಾ’, ‘ಡ’. ವೇಗ 850ರಿಂದ 550ಕ್ಕೆ ಇಳಿಸಿದೆ.

ಹೊಲಿದು, ಮೇಲಿನ ಹಾಳೆ ಹರಿದು ತೆಗೆದು, ಉಳಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕರಗಿಹೋಯಿತು. ಹಿಂದಿನ ಹಾಳೆಯನ್ನು ಅಕ್ಷರದ ಸುತ್ತ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿದೆ. ಪಟ್ಟಿ ಮಡಚಿದಾಗ ಆ ಹಾಳೆ ಎರಡು ಪದರದ ನಡುವೆ ಅಡಗುವುದರಿಂದ ಹಣೆಗೆ ಚುಚ್ಚುವುದೂ ಇಲ್ಲ.

‘ಧಾ…’ ಅಂದಳು ಅವ್ವ, ಜೋರಾಗಿ, ಹೊಟ್ಟೆಯಿಂದ ಉಸಿರು ಬಿಟ್ಟು.

ತಲೆಗೆ ಹಾಕಿ ನೋಡು

ಮುಗಿಯಿತು ಅಂದುಕೊಂಡೆ. ಅವ್ವ ಬಿಡಲಿಲ್ಲ. ‘ಟೋಪಿ ಮೇಜಿನ ಮ್ಯಾಲೆ ಇಡಾಕಲ್ಲ, ತಲೀಗೆ ಹಾಕಾಕ’ ಅಂತ ಹೇಳಿ ಅಡಿಗೆ ಮನೆಯಿಂದ ಸಣ್ಣ ಕೊಡ ತಂದು ಬೋರಲು ಹಾಕಿ, ಅದಕ್ಕೆ ಟೋಪಿ ತೊಡಿಸಿದಳು. ನಮ್ಮಲ್ಲಿ ಅಳತೆಯ ಟೇಪಿಗೆ ಬರವೇ? ಸುಮ್ಮನೆ ಇಟ್ಟಾಗ ಟೋಪಿಯ ಬಾಯಿ ಸುತ್ತಳತೆ 42 ಸೆಂಟಿಮೀಟರ್. ನನ್ನ ತಲೆ 55. ಅಂದರೆ ಟೋಪಿ ಹದಿಮೂರು ಸೆಂಟಿಮೀಟರ್ ಹಿಗ್ಗಬೇಕು. ಅಕ್ಷರ ಇರುವ ಜಾಗ ಹಿಗ್ಗುವುದಿಲ್ಲ. ಉಳಿದ ಜಾಗವೇ ಅದರ ಪಾಲಿನದನ್ನೂ ಹಿಗ್ಗಬೇಕು. ಹೆಸರು ಉದ್ದವಾದಷ್ಟೂ ಟೋಪಿ ಬಿಗಿ, ತಲೆನೋವು. ಹತ್ತು ಸೆಂಟಿಮೀಟರ್ ಅಗಲ, ಎರಡು ಸೆಂಟಿಮೀಟರ್ ಎತ್ತರದ ‘ಧಾರವಾಡ’ ಕೊಡದ ಮೇಲೂ ನನ್ನ ತಲೆಯ ಮೇಲೂ ಅಲೆ ಏಳದೆ ಕೂತಿತು.

ಆದರೆ ಎರಡನೇ ಸಾಲು? ಆರು ಮಿಲಿಮೀಟರಿನ ‘ಚಾರಣ ತಂಡ’ವನ್ನು ಏನು ಮಾಡಿದರೂ ಓದುವಂತೆ ತರಲಾಗಲಿಲ್ಲ. ಅಷ್ಟು ಸಣ್ಣ ‘ಣ’ದೊಳಗೆ ದಾರ ತಿರುಗಲು ಜಾಗವೇ ಇಲ್ಲ. ಹೇಗೋ ಹೊಲಿದು ಕೊಟ್ಟರೆ ಹುಡುಗರು ಬಹುಶಃ ಏನೂ ಅನ್ನುತ್ತಿರಲಿಲ್ಲ. ಆದರೆ ಹೇಳಬೇಕಾದದ್ದು ಅದೊಂದೇ ಇರಲಿಲ್ಲವಲ್ಲ. ಫೋನ್ ಎತ್ತಿದೆ. ಕೈ ನಡುಗುತ್ತಿತ್ತು. ರಿಸಲ್ಟ್ ನೋಡುವಾಗಿನ ನಡುಕ ಅದು.

‘ತಮ್ಮಾ, ನಿಮ್ಮ ಮೂರು ಟೋಪಿ ನನ್ನ ಕೈಯಾಗ ಕೆಟ್ಟಾವು. ಅವು ನನ್ನ ಲೆಕ್ಕಕ್ಕ, ಬ್ಯಾರೆ ತಂದು ಹಾಕ್ತೀನಿ. ಇನ್ನೊಂದು, ಕೆಳಗಿನ ಸಾಲು ಸ್ವಚ್ಛ ಬರಂಗಿಲ್ಲ. ಬರತೈತಿ ಅಂತ ಹೇಳಿದ್ದು ನನ್ನ ತಪ್ಪು.’

ಆ ಕಡೆ ಒಂದು ಕ್ಷಣ ಮೌನ. ಆಮೇಲೆ, ‘ಹೋಗ್ಲಿ ಬಿಡ್ರಿ ಅಕ್ಕಾರ, ಊರ ಹೆಸರಿದ್ರ ಸಾಕ್ರಿ. ನಾವು ಚಾರಣಕ್ಕ ಹೊಂಟಿದ್ದು ನಮಗ ಗೊತ್ತೈತಿ.’

ಆ ಹುಡುಗನೇ ಅಂಗಡಿಯ ವಿಳಾಸ ಕೊಟ್ಟ. ಒಂದಕ್ಕೆ 150ರಂತೆ ಮೂರು ಟೋಪಿಗೆ 450 ರೂಪಾಯಿ ಕೊಟ್ಟು ತಂದೆ. ಹಾಳೆ, ಸೂಜಿ, ಬಸ್ ಚಾರ್ಜ್ ಎಲ್ಲ ಕಳೆದರೆ ಲಾಭ ಅನ್ನುವುದು ಬೆರಳೆಣಿಕೆಯ ನೋಟು. ನಲವತ್ತು ಟೋಪಿಗೆ ಎರಡು ದಿನ ಹಿಡಿಯಿತು. ಹೊಲಿಯುವುದು ಆರೇಳು ನಿಮಿಷ, ಆದರೆ ಟೋಪಿಯನ್ನು ಎಳೆಯದೆ ನೇರ ಕೂರಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು. ಅವ್ವ ಹಾಳೆ ಕತ್ತರಿಸಿದಳು, ಅಜ್ಜಿ ಒದ್ದೆ ಬಟ್ಟೆ ಹಿಡಿದು ಒರೆಸಿದಳು. ಕಣ್ಣು ಮಂಜಾದರೇನು, ಒಂದೊಂದು ‘ಧ’ದ ಗೀಟನ್ನೂ ಬೆರಳಿನಿಂದ ಸವರಿ, ‘ಐತಿ’ ಅಂದ ಮೇಲೇ ಆ ಟೋಪಿ ಚೀಲಕ್ಕೆ ಹೋಗುತ್ತಿತ್ತು.

ಹೊಸ ವರ್ಷದ ಹೊತ್ತಿಗೆ ಫೋನಿಗೆ ಒಂದು ಫೋಟೊ ಬಂತು. ಹಿಂದೆ ಬೆಳ್ಳಗೆ ಹಿಮದ ಬೆಟ್ಟ, ಮುಂದೆ ಮೂಗು ಕೆಂಪಾದ ಹುಡುಗ ಹುಡುಗಿಯರು, ಎಲ್ಲರ ಹಣೆಯ ಮೇಲೂ ಧಾರವಾಡ. ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿ ನಾನು ಮೊದಲು ನೋಡಿದ್ದು ಬೆಟ್ಟವನ್ನಲ್ಲ, ‘ಧ’ದ ಹೊಟ್ಟೆಯನ್ನು. ಸೀಳಿತ್ತು!

ಪರೀಕ್ಷೆಯ ಅರ್ಜಿಗಳನ್ನು ನಾನಿನ್ನೂ ಬಿಟ್ಟಿಲ್ಲ, ಈ ವರ್ಷವೂ ಬರೆಯುತ್ತೇನೆ. ಆದರೆ ಈಗ ಯಾರಾದರೂ ‘ಏನ್ ಮಾಡ್ಕೊಂಡಿ?’ ಅಂತ ಕೇಳಿದರೆ ‘ಓದಾಕತ್ತೀನ್ರಿ’ ಅಂತ ನೆಲ ನೋಡುವುದಿಲ್ಲ. ‘ಮಷಿನ್ ಎಂಬ್ರಾಯ್ಡರಿ ಮಾಡ್ತೀನ್ರಿ, ಉಲ್ಲನ್ ಟೋಪಿ ಮ್ಯಾಲೆ ಕನ್ನಡ ಅಕ್ಷರ ಹಾಕ್ತೀನಿ’ ಅನ್ನುತ್ತೇನೆ. ಪಾಟ್ಲಿ ಇನ್ನೂ ಬಿಡಿಸಿಲ್ಲ. ಒಂದನ್ನಾದರೂ ಯುಗಾದಿಯೊಳಗೆ ಬಿಡಿಸುವ ಲೆಕ್ಕ ಹಾಕಿದ್ದೇನೆ.

ಹಾಂ, ಮೂರನೇ ಟೋಪಿಯನ್ನು ಎಸೆದಿಲ್ಲ. ಮುಂಜಾನೆ ಚಳಿಯಲ್ಲಿ ಅಂಗಡಿ ಬಾಗಿಲು ತೆಗೆಯುವಾಗ ಅದನ್ನೇ ಹಾಕಿಕೊಳ್ಳುತ್ತೇನೆ. ಓದಿದವರು ನಕ್ಕರೆ ನಗಲಿ. ಅವರ ಊರು ಧಾರವಾಡ ಇರಬಹುದು, ನಾನು ಮಾತ್ರ ದಾರವಾಡದಾಕಿ!